ಖುರ್ಷಿದಬೇಗಂಳ ಎಡ ತೋರುಬೆರಳು

ಗೋಡೆಯ ಪರದೆಯಲ್ಲಿ ದಿಲ್ಲಿಯ ಸಾಹೇಬರು ನೀರು ಕುಡಿಯುತ್ತಿದ್ದಾರೆ, ಎಂಥ ನಯವಾದ ಬೆರಳುಗಳು, ಒಂದೊಂದು ಗೆರೆಯೂ ಹಾಗೇ ಉಳಿದಿರಬೇಕು, ನಂಬಿಕೆಗೆ ಅರ್ಹವಾದ ಡಿಜಿಟಲ್ ಗುರುತಿಗೆ ರಾಷ್ಟ್ರೀಯ ಮಾನದಂಡ ಬರೆಯುವವರ ಬೆರಳು ಇನ್ನು ಹೇಗಿರುತ್ತದೆ — ಸೇಡಂನ ಈ ಸಭಾಂಗಣಕ್ಕೆ ನಮ್ಮನ್ನು ಅನುಭವ ಹೇಳಲು ಕರೆಸಿದ್ದಾರಂತೆ, ವಿಠ್ಠಲ್, ನೋಂದಣಿ ಕೇಂದ್ರ, ಶಹಾಬಾದ ಎಂದು ನನ್ನ ಮುಂದೊಂದು ಚೀಟಿ, ಅನುಭವವಂತೆ ಅನುಭವ. ತಪ್ಪಾಗುವುದು ನೂರಕ್ಕೆ ಎರಡೇ, ಅಷ್ಟು ಸಹಜ ಎನ್ನುತ್ತಿದ್ದಾರೆ, ಆ ಎರಡರಲ್ಲೊಂದು ಬೆಳಿಗ್ಗೆ ನನ್ನ ಕೇಂದ್ರದ ಮೆಟ್ಟಿಲ ಮೇಲೆ ಕುಳಿತಿತ್ತು, ಖುರ್ಷಿದಬೇಗಂ, ಮೂವತ್ತು ವರ್ಷ ನೆಲಕ್ಕೆ ಹಾಸುವ ಫರಸಿ ಕಲ್ಲಿಗೆ ಪಾಲಿಶ್ ಹಾಕಿದ ಮುದುಕಿ, ಕಲ್ಲಿನ ಜೊತೆ ಬೆರಳುಗಳೂ ಸವೆದು ನುಣ್ಣಗಾಗಿವೆ, ಮೂರು ತಿಂಗಳಾತು ರೇಷನ್ ಅಂಗಡ್ಯಾಗ ಅಕ್ಕಿ ಕೊಡವಲ್ರು ವಿಠ್ಠಲಪ್ಪಾ, ನನ್ನ ಬೆರಳ ತಗೋವಲ್ದಂತ ಮಷೀನು, ಈ ತಿಂಗಳ ಕಡೀಕ ಹೆಸರೇ ತೆಗೀತಾರಂತ, ನೀನೇ ಅಲ್ಲೇನು ನನ್ನ ಗುರುತಿನ ಕಾರ್ಡ್ ಮಾಡ್ದಾಂವ.

ನಾನೇ. ಹದಿನಾಲ್ಕು ವರ್ಷದ ಹಿಂದೆ, ಪಾಲಿಶ್ ಯಾರ್ಡಿನ ಶೆಡ್ಡಿನಲ್ಲಿ ಮೇಜು ಹಾಕಿ, ಲ್ಯಾಪ್‌ಟಾಪಿನ ಮೇಲೆಲ್ಲ ಕಲ್ಲಿನ ಹಿಟ್ಟು, ಬೆರಳು ಬೀಳದಿದ್ದರೆ ಹಣೆಗೆ ಉಜ್ಜಿಕೊಳ್ಳಿ ಎನ್ನುತ್ತಿದ್ದೆ, ಹಣೆಯ ಜಿಡ್ಡು ತಾಗಿದರೆ ಗಾಜು ಗೆರೆ ಹಿಡಿಯುತ್ತದೆ, ಯಾವ ತರಬೇತಿಯಲ್ಲೂ ಹೇಳಿಕೊಡದ ವಿದ್ಯೆ, ಅವಳು ಹಣೆ ಕೆಂಪಾಗುವಂತೆ ಉಜ್ಜಿದಳು, ಹತ್ತರಲ್ಲಿ ಒಂದು ಬಿದ್ದಿದ್ದರೂ ಸಾಕಿತ್ತು, ಒಂದೂ ಬೀಳಲಿಲ್ಲ. ಅಂಥವರಿಗೆ ಬೇರೆ ಅರ್ಜಿ ಇತ್ತು, ಅದಕ್ಕೆ ಮೇಲಿನವರ ಸಹಿ ಬೇಕು, ಮೇಲ್ವಿಚಾರಕ ಬಸವಂತರಾಯ ಹೊತ್ತು ಮುಳುಗೋದ್ರಾಗ ಅರವತ್ತು ಮಂದಿ ಮುಗೀಬೇಕು ನೋಡು ಅಂದು ಹೋಗಿಬಿಟ್ಟಿದ್ದ, ಕರೆಂಟು ಹೋಗುವ ಸಮಯ, ಅವಳ ಕೈ ಸರಿಸಿ ನನ್ನ ಎಡ ತೋರುಬೆರಳನ್ನು ಗಾಜಿನ ಮೇಲಿಟ್ಟೆ — ಹಸಿರು ದೀಪ. ನಿನಗ ಪುಣ್ಯ ಬರಲೆಪ್ಪಾ ಎಂದಳು, ಪುಣ್ಯ, ನೆನೆದರೆ ನನ್ನ ಮೇಲೆ ನನಗೇ ಹೇಸಿಗೆ. ಇಷ್ಟು ವರ್ಷ ಮೊಬೈಲಿಗೆ ಒಟಿಪಿ ಬಂದು ಹೇಗೋ ನಡೆಯಿತು, ಈಗ ಅದು ನಂಬಿಕೆಗೆ ಸಾಲದಂತೆ, ಬೆರಳೇ ಬೇಕು, ಕಣ್ಣಾದರೂ ತೋರಿಸೋಣವೆಂದರೆ ಎರಡಕ್ಕೂ ಪೊರೆ. ಬೆಳಿಗ್ಗೆ ಅವಳ ಸಂಖ್ಯೆ ಹೊಡೆದು ನನ್ನ ಬೆರಳಿಟ್ಟು ನೋಡಿದೆ, ಇಷ್ಟು ವರ್ಷದಲ್ಲಿ ಅಳಿಸಿರಬಹುದು ಎಂಬ ಹುಚ್ಚು ಆಸೆ — ಹಸಿರು ದೀಪ, ಪರದೆಯಲ್ಲಿ ಅವಳ ಮುಖ, ಪೊರೆಗಣ್ಣು ಹತ್ತಿರ ತಂದು ನೋಡಿದಳು, ನನ್ನ ಫೋಟೋ ಬಂತಲ್ಲೋ, ನಾ ಇದ್ದೀನಂತ ಅದಕ್ಕ ಗೊತ್ತದ ನೋಡು, ಬೊಚ್ಚು ಬಾಯಿ ತುಂಬ ನಕ್ಕಳು, ಮಷೀನ್ ಕೆಟ್ಟದ ಖಾಲಾ, ಸುಳ್ಳು ತೋರಸ್ಲಿಕತ್ತದ ಎಂದು ಪರದೆ ಆರಿಸಿದೆ, ಅವಳು ನಂಬಿದಳು, ನನ್ನ ಮಾತು ನಂಬಲಿಕ್ಕೆ ಅವಳಿಗೆ ಯಾವ ಮಾನದಂಡವೂ ಬೇಕಾಗಲಿಲ್ಲ.

ಸಾಹೇಬರು ಮಾನದಂಡದ ಹನ್ನೆರಡನೆಯ ಅಂಶ ಓದುತ್ತಿದ್ದಾರೆ, ನೋಂದಣಿಯಲ್ಲಿ ಬೇರೆಯವರ ಬೆರಳು ಸೇರಿದ್ದರೆ ನೋಂದಾಯಿಸಿದವನೇ ಲಿಖಿತವಾಗಿ ಒಪ್ಪಿಕೊಳ್ಳಬೇಕು, ಆಗ ಹೊಸ ದಾಖಲೆ ಮಾಡಬಹುದು, ಅವನ ಮೇಲೆ ಮೊಕದ್ದಮೆ — ಒಂದು ಹಾಳೆ, ನಾಲ್ಕು ಸಾಲು, ಅವಳಿಗೆ ಅಕ್ಕಿ, ನನ್ನ ಕೇಂದ್ರಕ್ಕೆ ಬೀಗ, ನರ್ಮದಾಗೆ ಏನು ಹೇಳಲಿ, ನಿನ್ನ ಗಂಡ ಒಬ್ಬ ಮುದುಕಿಯ ಬೆರಳು ಕದ್ದವ ಅನ್ನಲೇ, ಪೆನ್ನು ಮುಂದೇ ಇದೆ, ಕೈ ಏಳುತ್ತಿಲ್ಲ. ಪರದೆಯಿಂದ ಸಾಹೇಬರ ದನಿ, ಶಹಾಬಾದದ ವಿಠ್ಠಲ್ ಅವರೇ, ನಿಮ್ಮ ಕಡೆ ಏನಾದರೂ ತೊಂದರೆ, ಎಲ್ಲರೂ ತಿರುಗಿದ್ದಾರೆ, ಏನೂ ಇಲ್ರಿ ಸರ್, ನಮ್ಮ ಕಡೀಗಿ ಎಲ್ಲಾ ಭಾಳ ಛಲೋ ನಡದದ, ಇದು ನನ್ನದೇ ದನಿ, ಚಪ್ಪಾಳೆ ಬೇರೆ. ಬಾಗಿಲ ಬಳಿ ಹಾಜರಿಯ ಯಂತ್ರ, ಬೆರಳಿಟ್ಟು ಹೋಗಬೇಕಂತೆ, ಬಲಗೈಯಲ್ಲಿ ಚಹಾದ ಲೋಟ, ಎಡಗೈ ಚಾಚುತ್ತೇನೆ, ಗಾಜು ತಣ್ಣಗಿದೆ, ಹಸಿರು ದೀಪ, ವಿಠ್ಠಲ್ ಎಂದು ಬರೆದಿದೆ, ತೆಗೆಯಬೇಕು, ಹಿಂದಿನವರು ಕಾಯುತ್ತಿದ್ದಾರೆ, ಹಸಿರು ದೀಪ, ನನ್ನ ಬೆರಳಿನ ಕೆಳಗೆ ಆ ಬೊಚ್ಚು ಬಾಯಿ ನಗುತ್ತಿದೆ, ಹಸಿರು ದೀಪ