ಅಂಬಣ್ಣನ ಕುರ್ಚಿ

"ಇನ್ನೊಂದು ಸುತ್ತು ಬಿಗಿಯೋ, ಟೆಂಪೋ ಅಲ್ಲಾಡ್ತದ" ಎನ್ನುತ್ತ ಸುಭದ್ರಮ್ಮ ಗಂಡ ಅಂಬಣ್ಣನ ಎದೆಯ ಮೇಲಿನ ಬಿಳಿ ಪಂಚೆಯನ್ನು ಒತ್ತಿ ಹಿಡಿದಳು. ಭೀಮಾಶಂಕರ ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಗಂಟು ಹಾಕಿದ. ಅವರ ಮಂದಿಯಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ವಿಭೂತಿ ಬಳಿದು, ಕೂರಿಸಿ, ಕೂತಂತೆಯೇ ಮಣ್ಣಿಗಿಡುತ್ತಾರೆ.

ಕೆಂಪು ಪ್ಲಾಸ್ಟಿಕ್ ಕುರ್ಚಿ ಅಂಬಣ್ಣನದೇ. ಅವನು ಗೇಟು ಕಾಯುತ್ತಿದ್ದ ಅಪಾರ್ಟ್‌ಮೆಂಟಿನ ಪಂಪ್ ರೂಮಿನಲ್ಲಿ ಬಿದ್ದಿತ್ತು. ಅದೇ ಗೇಟಿನ ಇನ್ನೊಬ್ಬ ಸೆಕ್ಯೂರಿಟಿ ಭೀಮಾಶಂಕರ ಬೆಳಿಗ್ಗೆ ಯಾರನ್ನೂ ಕೇಳದೆ ಕಗ್ಗದಾಸಪುರದ ಈ ಬಾಡಿಗೆ ಕೋಣೆಗೆ ಹೊತ್ತು ತಂದಿದ್ದ.

"ಕೆಲಸ ಹೋದೀತಲ್ಲೋ?"

"ಹೋದ್ರ ಹೋಗ್ಲಿ ಯವ್ವಾ."

*

ಎರಡು ವರ್ಷದ ಹಿಂದೆ ಮ್ಯಾನೇಜರ್ ಸುದರ್ಶನ್ ಆ ಕುರ್ಚಿ ತೆಗೆಸಿದ್ದ. "ಕೂತ್ರೆ ನಿದ್ದೆ ಹೊಡೀತಾರೆ ಅಂತ ಕಂಪ್ಲೇಂಟ್ ಬಂದಿದೆ ಅಂಬಣ್ಣ. ನಿಂತ್ಕೊಂಡೇ ಡ್ಯೂಟಿ ಮಾಡಿ."

ಗೇಟಿಗೆ ಕಾವಲು ಬೇಕು, ಕಾವಲುಗಾರನಿಗೆ ಮೊಣಕಾಲು ಇರಬಾರದು! ದಿನಕ್ಕೆ ಹನ್ನೆರಡು ತಾಸು. ಮನೆಗೆ ಬಂದರೆ ಊದಿದ ಕಾಲಿನಿಂದ ಬೂಟು ಕೀಳಲು ಸುಭದ್ರಮ್ಮನೇ ಬೇಕು.

"ಕುಂತ್ರ ಗೇಟು ಓಡಿ ಹೋಗ್ತದೇನು?" ಎಂದು ಬಯ್ಯುತ್ತಿದ್ದಳು.

"ಸತ್ತ ಮ್ಯಾಲ ಹೆಂಗೂ ಕುಂದ್ರಸ್ತೀರಲ್ಲ" ಎಂದು ಅಂಬಣ್ಣ ನಗುತ್ತಿದ್ದ. ನಿನ್ನೆ ಗೇಟಿನಲ್ಲಿ ನಿಂತಲ್ಲೇ ಬಿದ್ದ.

*

ಸುಭದ್ರಮ್ಮ ಗೇಟಿನ ಮುಂದೆ ಟೆಂಪೋ ನಿಲ್ಲಿಸಿ ಗಂಡನನ್ನು ಕುರ್ಚಿ ಸಮೇತ ಇಳಿಸಿದಳು. ಅಳು ನಿನ್ನೆಯೇ ಮುಗಿದಿತ್ತು, ಈಗ ಉಳಿದದ್ದು ಸಿಟ್ಟು. ಒಳಗಿನಿಂದ ಕಾರುಗಳು ಹಾರ್ನ್ ಹೊಡೆದವು. ಸುದರ್ಶನ್ ಓಡಿ ಬಂದ.

"ಏನಮ್ಮಾ ಇದು? ಜನ ಆಫೀಸಿಗೆ ಹೋಗ್ಬೇಕು. ಎತ್ತಿಸಿ ಪ್ಲೀಸ್!"

"ದಿನಾ ಹನ್ನೆರಡು ತಾಸು ನಿಂತಾರ್ರೀ. ಹತ್ತು ನಿಮಿಷ ಕುಂದರ್ಲಿ."

"ರೂಲ್ಸ್ ಅಂತ ಇರುತ್ತಲ್ಲ..."

"ಅದನ್ನ ಇವ್ರಿಗೇ ಹೇಳ್ರಿ. ಎಬ್ಬಿಸ್ರಿ, ನೋಡೂಣು!"

ಸುದರ್ಶನ್ ಹಿಂದೆ ಸರಿದ. ಅಂಬಣ್ಣ ತನ್ನ ಗೇಟಿನಲ್ಲಿ ಹತ್ತು ನಿಮಿಷ ಕೂತ. ಕಾರಿನಲ್ಲಿದ್ದವರು ಒಬ್ಬೊಬ್ಬರೇ ಇಳಿದು ನಿಂತರು.

ಮಣ್ಣು ಮಾಡಿ ಮಧ್ಯಾಹ್ನ ಮರಳುವಾಗ ಸುಭದ್ರಮ್ಮ ಖಾಲಿ ಕುರ್ಚಿಯನ್ನು ಅದೇ ಜಾಗದಲ್ಲಿಟ್ಟಳು. ಸುದರ್ಶನ್ ಕಸ ಗುಡಿಸುವ ಮುನಿಶಾಮಮ್ಮನನ್ನು ಕರೆದು, "ಇದನ್ನ ಒಳಗೆ ಹಾಕಮ್ಮ" ಎಂದ.

"ಅಯ್ಯಯ್ಯೋ, ಹೆಣ ಕೂತಿದ್ದ ಕುರ್ಚಿ ಸಾರ್! ಬೇಕಾದ್ರೆ ನೀವೇ ಎತ್ಕೊಂಡೋಗಿ."

ಸುದರ್ಶನ್ ಎರಡೂ ಕೈ ಜೇಬಿಗೆ ಹಾಕಿಕೊಂಡ.

"ಭೀಮ್ಯಾ, ನಿನಗೂ ಅಂಜಿಕಿ ಏನೋ?" ಸುಭದ್ರಮ್ಮ ಕೇಳಿದಳು.

"ನಮ್ಮ ಕಾಕಾನ ಕುರ್ಚಿ. ಅಂಜಿಕಿ ಎಂಥಾದ್ದು?"

ಡ್ಯೂಟಿ ಬಟ್ಟೆಯಲ್ಲೇ ಇದ್ದ ಭೀಮಾಶಂಕರ ಟೋಪಿ ಸರಿಮಾಡಿಕೊಂಡು ಅದರಲ್ಲಿ ಕೂತ. ಮ್ಯಾನೇಜರನ ಎದುರಿಗೇ ಕಾಲು ಚಾಚಿ, ಬಗ್ಗಿ, ಬೂಟಿನ ಲೇಸು ಸಡಿಲಿಸಿದ.