ಬಾಗಿಲ ಪಕ್ಕದ ಸ್ಟೂಲು

ಮದುವೆಗೆ ಅಪ್ಪನ ಒಪ್ಪಿಗೆ ಕೇಳೋಣವೆಂದು ನರ್ಸ್ ಆಗಿದ್ದ ಮಗಳು ಹುಡುಗನನ್ನು ಮನೆಗೆ ಕರೆತಂದದ್ದು ಫುಟ್‌ಬಾಲ್ ಸೆಮಿಫೈನಲ್ ದಿನವೇ. ಲಿಫ್ಟ್ ಮೆಕ್ಯಾನಿಕ್ ಆಗಿದ್ದ ಆ ಹುಡುಗನ ಬಣ್ಣ ನೋಡಿ, ಹೆಸರು ಕೇಳಿ, ಅಪ್ಪ ತೀರ್ಪು ಕೊಟ್ಟೇಬಿಟ್ಟ: ಇವನು ಎದುರು ಟೀಮಿನವನು. ಹುಡುಗ ಹುಟ್ಟಿ ಬೆಳೆದದ್ದು ಹಿಂದಿನ ಬೀದಿಯಲ್ಲೇ ಎಂಬುದಕ್ಕೆ ಆ ತೀರ್ಪಿನಲ್ಲಿ ಜಾಗವಿರಲಿಲ್ಲ.

ಸೋಫಾದಲ್ಲೂ ಇರಲಿಲ್ಲ. ಮೂವರು ಕೂರುವ ಸೋಫಾದಲ್ಲಿ ಅಪ್ಪನೊಬ್ಬನೇ ಕಾಲು ಚಾಚಿಕೊಂಡು, ಬಾಗಿಲ ಪಕ್ಕ ಚಪ್ಪಲಿಗಳ ನಡುವೆ ಇದ್ದ ಸ್ಟೂಲು ತೋರಿಸಿದ.

"ನಿಮ್ಮೋರು ಗೋಲು ಹೊಡೆದ್ರೆ ಕುಣೀಬೇಡಪ್ಪ. ನಂಗೆ ಬಿಪಿ ಇದೆ."

"ನಮ್ಮೋರು ಅಂದ್ರೆ ಯಾರು ಅಂಕಲ್?"

"ನೋಡೇ, ಏನೂ ಗೊತ್ತಿಲ್ದೋನ ಥರ ಆಡ್ತಾನೆ!"

ಟಿವಿಯಲ್ಲಿ ಎದುರು ಟೀಮಿನವರು ಓಡತೊಡಗಿದರು. "ಇವರಿಗೆ ಓಡೋದು ರಕ್ತದಲ್ಲೇ ಬಂದಿರುತ್ತೆ. ತಲೆ ಮಾತ್ರ ಓಡಲ್ಲ," ಎಂದ ಅಪ್ಪ. ಮಗಳ ಕಿವಿ ಬಿಸಿಯಾಯಿತು. ಅಷ್ಟರಲ್ಲಿ ಅಪ್ಪನ ಟೀಮಿನ ಒಬ್ಬ ಚೆಂಡನ್ನು ಬಲೆಗೆ ಸೇರಿಸಿದ.

"ನಮ್ಮ ಹುಡುಗ!" ಎಂದು ಕೂಗಿದ ಅಪ್ಪ.

"ಅವನೂ ಇವನ ಬಣ್ಣದೋನೇ ಅಲ್ವೇನ್ರೀ?" ಎಂದಳು ಅಮ್ಮ.

"ಗೋಲು ಹೊಡೆದ್ಮೇಲೆ ನಮ್ಮೋನೇ ಕಣೇ."

"ಗೋಲು ತಪ್ಪಿದ್ರೆ?"

"ಬಾಯ್ಮುಚ್ಚೇ ಸಾಕು."

ಆ ಮನೆಯಲ್ಲೊಂದು ಕಾನೂನಿತ್ತು. ತಮ್ಮ ಟೀಮಿನ ಗೋಲು ಬಿದ್ದಾಗ ಯಾರು ಎಲ್ಲಿದ್ದರೋ, ಅದೃಷ್ಟ ಕೆಡದಂತೆ ಆಟ ಮುಗಿಯುವವರೆಗೆ ಅಲ್ಲೇ ಇರಬೇಕು. ಹಿಂದೊಮ್ಮೆ ಅಮ್ಮ ಇಡೀ ಒಂದು ಪಂದ್ಯವನ್ನು ಬಚ್ಚಲುಮನೆಯಲ್ಲೇ ಕಳೆದಿದ್ದಳು. ಪಾಪ, ಹುಡುಗನಿಗೇನು ಗೊತ್ತು? ನೀರು ಕುಡಿಯಲು ಎದ್ದ. ಎದುರಿನವರು ಗೋಲು ಹೊಡೆದರು. ಮತ್ತೆ ಕೂತ. ಅಪ್ಪನ ಟೀಮಿನ ಎರಡನೆಯ ಗೋಲು ಬಿತ್ತು.

ಅಪ್ಪನ ಮುಖಭಾವವೇ ಬದಲಾಯಿತು. "ಏಳಬೇಡ ಮಗನೇ! ಫೈನಲ್‌ಗೂ ನೀನೇ ಬರ್ಬೇಕು, ಇದೇ ಸ್ಟೂಲು. ಏನೇ, ಒಳ್ಳೇ ಹುಡುಗನ್ನೇ ಹುಡುಕಿದ್ದೀಯ!"

ಒಪ್ಪಿಗೆ ಅಪ್ಪನ ನಾಲಿಗೆಯ ತುದಿಗೆ ಬಂದಿತ್ತು. ಬಾಚಿಕೊಂಡರೆ ಮುಗಿಯಿತು. ಆದರೆ ಮಗಳಿಗೆ ಮೈಯೆಲ್ಲ ಉರಿಯಿತು. ಇಷ್ಟು ಹೊತ್ತು ಪರಕೀಯ, ಈಗ ತಾಯಿತ, ಮನುಷ್ಯ ಯಾವಾಗ?

"ಏಳು, ಹೋಗೋಣ," ಎಂದಳು ಹುಡುಗನಿಗೆ. "ಅಪ್ಪ, ಒಂದೋ ಇವನನ್ನ ಸೋಫಾದಲ್ಲಿ ನಿನ್ನ ಪಕ್ಕ ಕೂರಿಸ್ಕೋ. ಇಲ್ಲ, ಇಬ್ಬರೂ ಹೊರಟ್ವಿ."

ಟಿವಿಯಲ್ಲಿ ಎದುರಿನವರಿಗೆ ಫ್ರೀ ಕಿಕ್. ಹುಡುಗ ಅರ್ಧ ಎದ್ದು, ಅರ್ಧ ಕೂತು, ಗಾಳಿಯಲ್ಲೇ ನಿಂತಿದ್ದ.

"ಏಳಿಸ್ಬೇಡ್ವೇ!" ಎನ್ನುತ್ತ ಅಪ್ಪ ಹಾರಿ ಎದ್ದವನೇ ಸೋಫಾದ ಒಂದು ತುದಿ ಹಿಡಿದ. "ನಿಂತು ನೋಡ್ತೀರಲ್ಲ, ಕೈ ಹಾಕ್ರೇ!"

ಚಪ್ಪಲಿಗಳನ್ನು ಅರೆಯುತ್ತ ಸೋಫಾ ಬಾಗಿಲಿಗೆ ಬಂತು. ಹುಡುಗ ಪೂರ್ತಿ ಏಳದೆಯೇ ಅದರ ಮೇಲೆ ಜಾರಿಕೊಂಡ. ಅಪ್ಪ ಏದುಸಿರು ಬಿಡುತ್ತ ಪಕ್ಕದಲ್ಲಿ ಕುಸಿದು, ಅವನ ತೊಡೆ ಗಟ್ಟಿಯಾಗಿ ಹಿಡಿದುಕೊಂಡ. ಚೆಂಡು ಕಂಬಕ್ಕೆ ಬಡಿದು ಹೊರಗೆ ಹೋಯಿತು.

"ಈಗ ನಿಜ ಹೇಳು. ನೀನು ಯಾರ ಕಡೆ?"

"ಅಂಕಲ್... ನಂಗೆ ಫುಟ್‌ಬಾಲ್ ತಲೆಬುಡ ಗೊತ್ತಾಗಲ್ಲ."

ಅಪ್ಪನಿಗೆ ನಿಜವಾದ ಆಘಾತವಾದದ್ದು ಆಗ. "ಅಯ್ಯೋ ದೇವ್ರೇ! ಇದಕ್ಕಿಂತ ಎದುರು ಟೀಮಿನೋನಾಗಿದ್ರೇ ವಾಸಿಯಿತ್ತಲ್ಲೇ!" ಎಂದು ಮಗಳ ಕಡೆ ನೋಡಿದ. "ಮದುವೆ ಹೊತ್ತಿಗೆ ಇವನಿಗೆ ಆಫ್‌ಸೈಡ್ ಅಂದ್ರೆ ಏನು ಅಂತಾದ್ರೂ ಕಲಿಸಿರ್ಬೇಕು ನೀನು. ಹೇಳಿದೀನಿ."