ಬೋಗುಣಿಯ ಗುಳ್ಳೆಗಳು

ಅಕ್ಕ ಬರೆದ ಕಾದಂಬರಿಗಳೆಲ್ಲ ಒಂದೇ ಬೀದಿಯವು. ಆ ಬೀದಿ ಊರಿನ ಆಚೆ ಭಾಗದಲ್ಲಿತ್ತು. ಅಕ್ಕ ತಮ್ಮ ಇಬ್ಬರೂ ಬೆಳೆದದ್ದು, ತಲೆ ನರೆತದ್ದು ಈಚೆ ಭಾಗದಲ್ಲಿ. ನಡುವೆ ಮುಳ್ಳುತಂತಿಯ ಬೇಲಿ. ಅಜ್ಜಿಗೆ ಹುಷಾರಿಲ್ಲವೆಂದು ಅಮ್ಮ ಮಕ್ಕಳಿಬ್ಬರನ್ನೂ ಕಟ್ಟಿಕೊಂಡು ಈಚೆಗೆ ಬಂದಿದ್ದಾಗಲೇ, ಬೆಳಕು ಹರಿಯುವುದರೊಳಗೆ ಊರನ್ನು ಸೀಳಿ ಆ ಬೇಲಿ ಎದ್ದಿತ್ತು. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ಅಪ್ಪ ಆಚೆಗೇ ಉಳಿದ. ಕೆಲವು ವರ್ಷಕ್ಕೆ ಅಲ್ಲೇ ತೀರಿಕೊಂಡ. ಸುದ್ದಿ ಮಾತ್ರ ಬಂತು.

ಆಗ ಅಕ್ಕನಿಗೆ ತಿಳಿವಳಿಕೆ ಬಂದಿತ್ತು, ತಮ್ಮನಿಗೆ ಇನ್ನೂ ಹಾಲುಹಲ್ಲು. ಹಾಗಾಗಿ ನೆನಪೆಂಬ ಆಸ್ತಿಯೆಲ್ಲ ಅಕ್ಕನ ಪಾಲಿಗೇ ಹೋಯಿತು. ಅವಳೂ ಅದನ್ನು ಬೀಳು ಬಿಡಲಿಲ್ಲ. ಉತ್ತಳು, ಬಿತ್ತಿದಳು, ವರ್ಷ ವರ್ಷ ಬೆಳೆ ತೆಗೆದಳು. ಒಂದು ಕಾದಂಬರಿಯಲ್ಲಿ ನಲ್ಲಿಯ ಮುಂದಿನ ಹೆಂಗಸರ ಜಗಳ, ಇನ್ನೊಂದರಲ್ಲಿ ಬೇಕರಿಯವನ ಮಗಳ ಮದುವೆ, ಮತ್ತೊಂದರಲ್ಲಿ ಅಪ್ಪನ ಅಂಗಡಿ. ಓದಿದವರು ಕಣ್ಣು ಕಟ್ಟಿ ಬಿಟ್ಟರೂ ಆ ಬೀದಿಯ ತಿರುವುಗಳನ್ನು ಹೇಳುತ್ತಿದ್ದರು. ಸಿಟಿ ಬಸ್ಸು ಓಡಿಸಿ ನಿವೃತ್ತನಾಗಿದ್ದ ತಮ್ಮನಿಗೂ ಹುಟ್ಟಿದ ಬೀದಿ ಗೊತ್ತಿದ್ದದ್ದು ಹಾಗೆಯೇ, ಪುಸ್ತಕದಿಂದ.

ಒಂದೇ ಒಂದು ನೆನಪು ಮಾತ್ರ ತನ್ನದೆಂದು ಅವನು ಇಟ್ಟುಕೊಂಡಿದ್ದ. ಅಪ್ಪ ಅವನನ್ನು ಅಂಗಡಿಯ ಹಲಗೆಯ ಮೇಲೆ ಕೂರಿಸಿದ್ದಾನೆ. ಗಾಳಿ ತುಂಬಿದ ಟ್ಯೂಬನ್ನು ಬೋಗುಣಿಯ ನೀರಿನಲ್ಲಿ ಮುಳುಗಿಸಿ ಮೆಲ್ಲಗೆ ತಿರುಗಿಸುತ್ತಿದ್ದಾನೆ. ಬುಳುಬುಳು ಗುಳ್ಳೆ ಎದ್ದ ಕಡೆ ಅವನು ಬೆರಳು ಒತ್ತಬೇಕು. ಒತ್ತಿದೊಡನೆ ಅಪ್ಪ, "ಸಿಕ್ಕಿಬಿದ್ದ ಕಳ್ಳ!" ಎನ್ನುತ್ತಾನೆ. ಅಪ್ಪನ ಮುಖ ಕಾಣುವುದಿಲ್ಲ. ಗ್ರೀಸು ಮೆತ್ತಿದ ಕೈ ಕಾಣುತ್ತದೆ. ಅಪ್ಪನೆಂದು ಅವನ ಬಳಿ ಇದ್ದದ್ದು ಅಷ್ಟೇ.

ಆದರೆ ಅಕ್ಕನ ಕಾದಂಬರಿಯಲ್ಲೂ ಇದೇ ಬೋಗುಣಿ ಇತ್ತು, ಇದೇ ಕಳ್ಳ ಇದ್ದ. ಮೀಸೆ ಚಿಗುರುವ ವಯಸ್ಸಿನಲ್ಲಿ ಅವನು ಅದನ್ನು ಓದಿದ್ದ. ಓದುವುದಕ್ಕೆ ಮೊದಲೇ ಆ ನೆನಪು ತನ್ನಲ್ಲಿತ್ತೋ, ಓದಿದ ಮೇಲೆ ಬಂದು ಸೇರಿಕೊಂಡಿತೋ? ಸ್ಟೀರಿಂಗ್ ಹಿಡಿದಷ್ಟು ಕಾಲವೂ ಈ ಅನುಮಾನ ಟಿಕೆಟ್ಟಿಲ್ಲದ ಪ್ರಯಾಣಿಕನ ಹಾಗೆ ಅವನ ಹಿಂದೆಯೇ ಕೂತಿತ್ತು. ಅಕ್ಕನನ್ನು ಕೇಳಲು ಹೆದರಿಕೆ. 'ಅದೆಲ್ಲ ನಾನು ಕಟ್ಟಿದ್ದು ಕಣೋ' ಎಂದು ಅವಳು ನಕ್ಕುಬಿಟ್ಟರೆ, ಇದ್ದೊಬ್ಬ ಅಪ್ಪನೂ ಹೋದ ಹಾಗೆ.

ಬೇಲಿಯಲ್ಲಿ ಗೇಟು ತೆರೆದರೆಂಬ ಸುದ್ದಿ ಬಂದದ್ದೇ ತಡ, ಅಕ್ಕ ಹೊರಟು ನಿಂತಳು.

"ನಿಧಾನ ಅಕ್ಕ, ಮಂಡಿ ನೋವು ಅಂತಿದ್ದೆ."

"ಮಂಡಿಗೂ ತೌರುಮನೆ ನೋಡೋ ಆಸೆ ಇರುತ್ತೆ. ನೀನು ಬಸ್ಸು ಓಡಿಸ್ದಂಗೆ ನಡೀಬೇಡ, ಸ್ಟಾಪ್ ಸ್ಟಾಪಿಗೂ ನಿಲ್ತೀಯ."

ಗೇಟು ದಾಟಿ ಬೀದಿಯೊಳಗೆ ಬಂದಾಗ ಇಳಿಬಿಸಿಲು. ಬೇಕರಿ ಇನ್ನೂ ಇತ್ತು. ಸುಟ್ಟ ಸಕ್ಕರೆಯ ವಾಸನೆಗೆ ಅಕ್ಕ ತಟಕ್ಕನೆ ನಿಂತಳು. ಅವಳು ಬರೆದಿದ್ದಕ್ಕಿಂತ ಬೀದಿ ಕಿರಿದಾಗಿತ್ತು. ಅವಳ ಕಾದಂಬರಿಯಲ್ಲಿ ಏದುಸಿರು ಬರಿಸುವ ಏರು, ನೋಡಿದರೆ ಒಂದು ಸಣ್ಣ ದಿಣ್ಣೆ. ನಲ್ಲಿಯ ಬಳಿ ಒಬ್ಬ ಕನ್ನಡಕದ ಹೆಂಗಸು ಅಕ್ಕನದೇ ಪುಸ್ತಕ ಬಿಚ್ಚಿಕೊಂಡು ತಲೆ ಕೆರೆದುಕೊಳ್ಳುತ್ತಿದ್ದಳು.

"ಅಮ್ಮಾ, ನೀವು ಇಲ್ಲಿಯೋರಾ? ನಲ್ಲಿ ಎಡಗಡೆ ಅಂತ ಬರೆದಿದ್ದಾರೆ. ಇದು ಬಲಗಡೆ ಇದೆಯಲ್ಲ?"

"ಬರೆದೋಳಿಗೆ ಎಡ ಬಲ ತಿಳೀತಿರಲಿಲ್ಲ ಅಂತ ಕಾಣುತ್ತೆ, ಬಿಡಿ," ಎಂದು ಅಕ್ಕ ಸೆರಗಿನಲ್ಲಿ ನಗು ಮುಚ್ಚಿಕೊಂಡು ಮುಂದೆ ನಡೆದಳು.

ತಮ್ಮನಿಗೆ ನಗು ಬರಲಿಲ್ಲ. ಕಲ್ಲುಕಟ್ಟೆಯ ನಲ್ಲಿಯೇ ಪುಸ್ತಕಕ್ಕೆ ಬರುವಾಗ ಎಡಕ್ಕೆ ಸರಿದಿದ್ದರೆ, ನೀರಿನ ಗುಳ್ಳೆಗೇನು ಗ್ಯಾರಂಟಿ?

ಅಪ್ಪನ ಅಂಗಡಿ ಈಗ ಕನ್ನಡಕದ ಅಂಗಡಿಯಾಗಿತ್ತು. ಹಲಗೆ ಇದ್ದ ಕಡೆ ಗಾಜಿನ ಬಾಗಿಲು. ಅದರ ಮುಂದೆ ನಿಂತು ಅವನು ಕೊನೆಗೂ ಬಾಯಿಬಿಟ್ಟ.

"ಅಕ್ಕಾ, ಪಂಚರ್ ಹುಡುಕೋದು ಬರೆದಿದ್ದೀಯಲ್ಲ, ಹುಡುಗ ಬೆರಳಿಡೋದು... ಅದನ್ನ ನೀನು ನೋಡಿದ್ದೆಯಾ?"

"ನಾನೆಲ್ಲಿ ನೋಡಲಿ? ಅಂಗಡಿ ಕಡೆ ತಲೆ ಹಾಕಿದ್ರೆ ಬಟ್ಟೆಗೆಲ್ಲ ಗ್ರೀಸು ಅಂತ ಅಮ್ಮ ನನ್ನ ಕಿವಿ ಹಿಂಡ್ತಿದ್ರು."

ತಮ್ಮ ಗಾಜಿನತ್ತ ಮುಖ ತಿರುಗಿಸಿದ. "ಹಾಗಾದ್ರೆ ಕಟ್ಟಿದ್ದು."

"ಕಟ್ಟಿದ್ದಂತೆ! ಲೋ, ನೀನೇ ಅಲ್ವೇನೋ ಹೇಳಿದ್ದು? ಈಚೆಗೆ ಬಂದ ಹೊಸದ್ರಲ್ಲಿ ಅಪ್ಪ ಬೇಕು ಅಂತ ರಚ್ಚೆ ಹಿಡೀತಿದ್ದೆ. ನೀನು ಅತ್ರೆ ಅಮ್ಮನೂ ಅಳ್ತಿದ್ರು. ನಾನು ನಿನ್ನ ಮಗ್ಗುಲಲ್ಲಿ ಹಾಕ್ಕೊಂಡು, ಅಪ್ಪ ಏನು ಮಾಡ್ತಿದ್ರು ಹೇಳು ಅಂತ ಕೇಳ್ತಿದ್ದೆ. ಟ್ಯೂಬು, ನೀರು, ಬುಳುಬುಳು, ಕಳ್ಳ. ದಿನಾ ಅದೇ. ಹೇಳ್ತಾ ಹೇಳ್ತಾ ನೀನು ನಿದ್ದೆ ಹೋಗ್ತಿದ್ದೆ. ಬೆಳೀತಾ ಬೆಳೀತಾ ಹೇಳೋದು ನಿಲ್ಲಿಸಿಬಿಟ್ಟೆ. ಎಲ್ಲಿ ಕಳೆದುಹೋಗುತ್ತೋ ಅಂತ ನಾನು ಬರೆದಿಟ್ಟೆ."

"ನನಗೆ ಯಾವತ್ತೂ ಹೇಳ್ಲಿಲ್ಲ ನೀನು."

"ನಿನ್ನ ಮಾತನ್ನ ನಿನಗೇ ಏನು ಹೇಳೋದು? ಗೊತ್ತಿರುತ್ತೆ ಅಂದ್ಕೊಂಡಿದ್ದೆ."

ಅವನು ಗಾಜಿನ ಬಾಗಿಲಿಗೆ ಅಂಗೈ ಊರಿ ನಿಂತ. ಅಷ್ಟರಲ್ಲಿ ಒಳಗಿದ್ದ ಅಂಗಡಿಯ ಹುಡುಗಿ ಬಾಗಿಲು ತೆರೆದಳು.

"ಬನ್ನಿ ಸರ್, ಕಣ್ಣು ಪರೀಕ್ಷೆನಾ?"

"ಇಲ್ಲಮ್ಮ. ಇದು ನಮ್ಮಪ್ಪನ ಸೈಕಲ್ ಅಂಗಡಿ. ಇಲ್ಲೊಂದು ಹಲಗೆ ಇತ್ತು, ನಾನು ಕೂರ್ತಿದ್ದೆ."

ಅವಳು ಬೇಡವೆನ್ನಲಿಲ್ಲ, ಒಳಕ್ಕೆ ಕರೆದಳು. ಅಕ್ಕ ಗಿರಾಕಿಗಳ ಕುರ್ಚಿಯಲ್ಲಿ ಮಂಡಿ ನೀವಿಕೊಳ್ಳುತ್ತ ಕುಳಿತಳು. ತಮ್ಮ ಗಾಳಿಯಲ್ಲೇ ಟ್ಯೂಬು ಹಿಡಿದು, ಮುಳುಗಿಸಿ, ಮೆಲ್ಲಗೆ ತಿರುಗಿಸಿ, ಬೆರಳು ಒತ್ತಿ, "ಸಿಕ್ಕಿಬಿದ್ದ ಕಳ್ಳ!" ಎಂದು ತೋರಿಸಿದ.

"ಕಳ್ಳ ಸಿಕ್ಕಿದ ಮೇಲೆ?" ಎಂದಳು ಹುಡುಗಿ.

"ಸಿಕ್ಕಿದ ಮೇಲೆ..." ಅವನು ತನ್ನ ಬೆರಳು ನೋಡಿಕೊಂಡ. "ನನ್ನ ಬೆರಳು ಒರೆಸ್ತಿದ್ರು. ಅಂಗಿ ಚುಂಗಿನಿಂದ. ತಮ್ಮ ಕೈ ಗ್ರೀಸು ನನಗೆ ಹತ್ತಬಾರದು ಅಂತ ಮೊಣಕೈಯಲ್ಲಿ ನನ್ನ ತಡೆದು ಹಿಡ್ಕೊಂಡು ಒರೆಸ್ತಿದ್ರು."

ಇದು ಯಾವ ಕಾದಂಬರಿಯಲ್ಲೂ ಇರಲಿಲ್ಲ. ಮಂಡಿ ನೀವುತ್ತಿದ್ದ ಅಕ್ಕನ ಕೈ ನಿಂತಿತು. ಅವಳು ಕುರ್ಚಿಯನ್ನು ಸ್ವಲ್ಪ ಮುಂದಕ್ಕೆ ಎಳೆದುಕೊಂಡಳು.